ಯಾರೂ ಕೇಳದ ಲೆಕ್ಕ

2009ರಲ್ಲಿ ನಾವು ಬೆಂಗಳೂರಿನ ಶ್ರೀನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. ಹೆಸರು ಕೇಳುವವರೆಗೆ ಖಾಲಿ ಇದ್ದ ಮನೆಗಳು ಹೆಸರು ಹೇಳಿದ ಮೇಲೆ ಬೇರೆ ಯಾರಿಗೋ ಆಗಿಹೋಗಿರುತ್ತಿದ್ದವು. ಓದುಗರಿಗೆ ಇದು ಹೊಸ ಕತೆಯೇನಲ್ಲ, ಬೆಳೆಸುವುದಿಲ್ಲ. ನಾಲ್ಕನೆಯ ಮನೆಯ ಮಾಲೀಕರು ನಿವೃತ್ತ ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು, ನೀರಿನ ಬಿಲ್ಲು ಅರ್ಧರ್ಧ ಎಂದರು. ಕೊನೆಗೆ, "ನಾನು ದೇವರು ದಿಂಡರು ನಂಬುವವನಲ್ಲ. ಅದರಿಂದ ನಿಮಗೇನೂ ತೊಂದರೆ ಇಲ್ಲ ತಾನೆ?" ಎಂದು ಕೇಳಿದರು.

ತೊಂದರೆ ಇತ್ತು. ಬಸ್ ನಿಲ್ದಾಣದ ಕಡೆಗೆ ನಡೆಯುವಾಗಲೇ ಅಮ್ಮಿ, "ಖುದಾನ ಖೌಫೇ ಇಲ್ಲದವರ ಕೈಗೆ ಅರವತ್ತು ಸಾವಿರ ಅಡ್ವಾನ್ಸ್ ಹೇಗೆ ಕೊಡೋದು?" ಎಂದರು. ನಮಗೂ ಹಾಗೇ ಅನಿಸಿತ್ತು. ನಮ್ಮ ಹೆಸರು ಕೇಳಿ ಬಾಗಿಲು ಹಾಕಿದವರ ಮೇಲೆ ಸಿಟ್ಟಾಗಿದ್ದ ನಾವೇ ಇನ್ನೊಬ್ಬರ ನಂಬಿಕೆ ನೋಡಿ ಅವರ ನಡತೆಗೆ ಬೆಲೆ ಕಟ್ಟುತ್ತಿದ್ದೇವೆ ಎಂಬುದು ಆಗ ಹೊಳೆಯಲಿಲ್ಲ. ಬೇರೆ ಮನೆ ಸಿಗಲಿಲ್ಲ, ಅದಕ್ಕೆ ಒಪ್ಪಿಕೊಂಡೆವು.

ಮೇಷ್ಟ್ರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರ ಶಿಷ್ಯರಾಗಿದ್ದವರು. ಎಚ್ಚೆನ್ ಮಾತು ಬಂದರೆ ಅವರಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದದ್ದು, ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಮತ್ತೆ ಖಾದಿ ಪಂಚೆ, ಗಾಂಧಿ ಟೋಪಿಯಲ್ಲೇ ತರಗತಿಗೆ ಬಂದದ್ದು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದ್ದು ಎಲ್ಲವನ್ನೂ ಹೇಳುತ್ತಿದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಎಚ್ಚೆನ್ ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾರಿಗೆ ಕಾಗದ ಬರೆದು ಪರೀಕ್ಷೆಗೆ ಕರೆದರು. ಉತ್ತರ ಬರಲಿಲ್ಲ. ಮದುವೆಯಾಗದೆ, ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಜೀವನ ಕಳೆದ ಅವರು 2005ರಲ್ಲಿ ತೀರಿಕೊಂಡರು. ಅವರ ವಿಚಾರವಾದವನ್ನು ಒಪ್ಪದ ಆಸ್ತಿಕರೂ ಅವರ ಸರಳ ಬದುಕಿಗೆ ಕೈಮುಗಿಯುತ್ತಿದ್ದರು. "ಒಬ್ಬಿಬ್ಬರು ಹೀಗಿರಬಹುದು. ಎಲ್ಲರೂ ದೇವರನ್ನು ಬಿಟ್ಟರೆ ಲೋಕ ಏನಾಗುತ್ತೆ?" ಎಂದು ನಾವು ವಾದ ಹೂಡುತ್ತಿದ್ದೆವು. ಮೇಷ್ಟ್ರು ನಗುತ್ತಿದ್ದರು.

ಆಮೇಲೆ ನೀರಿನ ಲೆಕ್ಕ ಬಂತು. 2013ರ ಒಂದು ಭಾನುವಾರ ಮೇಷ್ಟ್ರು ನೋಟ್‌ಬುಕ್ ಹಿಡಿದು ಮಹಡಿ ಹತ್ತಿ ಬಂದರು. ಜಲಮಂಡಳಿಯ ಮೀಟರು ಎರಡೂ ಮನೆಗೆ ಒಂದೇ. ಹಿಂದಿನ ವರ್ಷ ಅವರ ತಂಗಿಯ ಸಂಸಾರ ಮೂರು ತಿಂಗಳು ಕೆಳಗೆ ಇತ್ತು, ಆಗಲೂ ಬಿಲ್ಲು ಅರ್ಧರ್ಧವೇ ಹಂಚಿತ್ತು. "ನಿಮ್ಮಿಂದ 340 ರೂಪಾಯಿ ಹೆಚ್ಚಿಗೆ ತಗೊಂಡಿದ್ದೀನಿ. ನನಗೆ ಈಗ ಜ್ಞಾಪಕ ಬಂತು" ಎಂದು ಹಣ ಎಣಿಸಿ ಕೊಟ್ಟರು. ನಾವು ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡೆವು.

ಅದೇ ವರ್ಷ ನಮ್ಮ ತಂಗಿಯ ಮದುವೆಗೆ ಹನ್ನೊಂದು ಮಂದಿ ನೆಂಟರು ಎರಡು ವಾರ ನಮ್ಮಲ್ಲಿ ಇಳಿದುಕೊಂಡಿದ್ದರು. ಆ ತಿಂಗಳೂ ನಾವು ಕೊಟ್ಟದ್ದು ಅರ್ಧವೇ. ಮಗ್ರಿಬ್ ನಮಾಜ್ ಮುಗಿಸಿದ ಅಮ್ಮಿ ಜಾನಮಾಜ್ ಮಡಿಸದೆ ಕುಳಿತೇ ಕೇಳಿದರು: "ಆ ಹದಿನೈದು ದಿನ ನಾವೆಲ್ಲ ವಜೂ ಮಾಡಿದ್ದು ಯಾರ ದುಡ್ಡಿನ ನೀರಲ್ಲಿ?" ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, ಸೂರಾ ಮುತಫ್ಫಿಫೀನ್. ನಾವು ಅದನ್ನು ಬಾಯಿಪಾಠ ಮಾಡಿದವರು. ಮರುದಿನ ಐನೂರು ರೂಪಾಯಿ ಕೆಳಗೆ ಕೊಟ್ಟು ಬಂದೆವು. ಸಂಜೆಗೆ ಮೇಷ್ಟ್ರು ಲೆಕ್ಕ ಹಾಕಿ 110 ರೂಪಾಯಿ ವಾಪಸು ಕಳಿಸಿದರು.

2016ರಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಮಂತ್ರವಿಲ್ಲ, ತಿಥಿಯಿಲ್ಲ. ಅಂದು ರಾತ್ರಿ ಒಂಬತ್ತು ವರ್ಷದ ನಮ್ಮ ಮಗಳು, "ಅಬ್ಬಾ, ಮೇಷ್ಟ್ರು ತಾತ ಜನ್ನತ್ತಿಗೆ ಹೋಗ್ತಾರಾ?" ಎಂದು ಕೇಳಿದಳು. ಮಲಗು ಎಂದೆವು. ನಮಗೆ ನಿದ್ದೆ ಬರಲಿಲ್ಲ.

ಈ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ಪ್ರವಾದಿ ಮುಹಮ್ಮದ್‌ರಿಗೆ (ಸ) ಪ್ರವಾದಿತ್ವ ಬರುವ ಮೊದಲಿನ ಮಾತು. ಯಮನಿನ ಒಬ್ಬ ವ್ಯಾಪಾರಿಯ ಸರಕು ಕೊಂಡ ಮಕ್ಕಾದ ಪ್ರಮುಖನೊಬ್ಬ ಹಣ ಕೊಡಲಿಲ್ಲ. ಆಗ ಕೆಲವು ಕುಲದವರು ಅಬ್ದುಲ್ಲಾ ಬಿನ್ ಜುದ್‌ಆನ್ ಎಂಬವರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ ಅವನ ಪರ ನಿಲ್ಲುತ್ತೇವೆ ಎಂದು ಒಪ್ಪಂದ ಮಾಡಿಕೊಂಡರು. ಅದೇ ಹಿಲ್ಫುಲ್ ಫುಝೂಲ್. ತರುಣ ಮುಹಮ್ಮದ್ (ಸ) ಅಲ್ಲಿದ್ದರು. ವಹೀ ಇನ್ನೂ ಬಂದಿರಲಿಲ್ಲ, ಸೇರಿದವರು ವಿಗ್ರಹಾರಾಧಕರು. ಆದರೂ ಪ್ರವಾದಿಯಾದ ಮೇಲೆ ಅವರು ಆ ಒಪ್ಪಂದವನ್ನು ಹೊಗಳಿ, ಈಗ ಕರೆದರೂ ಹೋಗುವೆನೆಂದರು. ಅಲ್ಲಿ ನಡೆದದ್ದು ಒಳ್ಳೆಯದೇ ಎಂದು ಒಪ್ಪಲು ಅವರಿಗೆ ಕಷ್ಟವಾಗಲಿಲ್ಲ.

ಇನ್ನೊಂದು ಹದೀಸನ್ನು ಮುಚ್ಚಿಟ್ಟರೆ ಮೋಸವಾಗುತ್ತದೆ. ಬಡವರಿಗೆ ಉಣಬಡಿಸುತ್ತಿದ್ದ ಅದೇ ಇಬ್ನ್ ಜುದ್‌ಆನರ ಪುಣ್ಯ ಪರಲೋಕದಲ್ಲಿ ಫಲಿಸುವುದೇ ಎಂದು ಹಜ್ರತ್ ಆಯಿಶಾ ಕೇಳಿದಾಗ ಪ್ರವಾದಿಯವರು (ಸ) ಇಲ್ಲವೆಂದರು. ಅವರು ಒಂದು ದಿನವೂ ತಮ್ಮ ಪ್ರಭುವಿನ ಕ್ಷಮೆ ಬೇಡಿರಲಿಲ್ಲ. ಓದಿದಾಗ ಎದೆ ಭಾರವಾಗುತ್ತದೆ. ಆದರೆ ಅಲ್ಲಿಯೂ ಉಣಬಡಿಸಿದ್ದು ಒಳ್ಳೆಯ ಕೆಲಸವಲ್ಲ ಎಂಬ ಮಾತಿಲ್ಲ. ಒಳಿತು ಯಾವುದು ಎಂಬುದು ಒಂದು ಪ್ರಶ್ನೆ, ಮೋಕ್ಷ ಯಾರಿಗೆ ಎಂಬುದು ಇನ್ನೊಂದು. ಎರಡನೆಯದು ನಮ್ಮ ಕೈಯಲ್ಲಿಲ್ಲ. ಅಮ್ಮಿ ಮತ್ತು ನಾವು ಅಡ್ವಾನ್ಸ್ ಕೊಡಲು ಹೆದರಿದ ದಿನ ಎರಡನ್ನೂ ಒಂದೇ ಮಾಡಿಕೊಂಡಿದ್ದೆವು.

ನಮ್ಮ ಪಂಡಿತರೂ ಇದನ್ನು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಒಳಿತು ಕೆಡುಕನ್ನು ಬುದ್ಧಿಯೇ ತಿಳಿಯಬಲ್ಲದು ಎಂದರು ಮುಅ್‌ತಜಿಲಾ ಪಂಥದವರು. ಅಲ್ಲಾಹನ ಆಜ್ಞೆಯಿಂದಲೇ ಒಳಿತು ಒಳಿತಾಗುವುದು ಎಂದರು ಅಶ್‌ಅರಿಗಳು. ನಮ್ಮಂಥ ಹನಫಿಗಳಲ್ಲಿ ಬಹುಪಾಲು ಅನುಸರಿಸುವ, 10ನೇ ಶತಮಾನದ ಸಮರ್‌ಖಂದಿನ ಇಮಾಮ್ ಮಾತುರೀದಿಯವರದು ನಡುವಿನ ದಾರಿ. ಒಳಿತನ್ನು ಗುರುತಿಸುವ ಶಕ್ತಿ ಬುದ್ಧಿಗಿದೆ ಎಂದು ಅವರು ಒಪ್ಪುತ್ತಾರೆ, ಆದರೆ ಬುದ್ಧಿಯೊಂದೇ ಸಾಲದು, ವಹೀ ಬೇಕು ಎನ್ನುತ್ತಾರೆ. ಅಂದಮೇಲೆ ದೇವರನ್ನು ನಂಬದವನಿಗೆ ನೀತಿ ಇರದು ಎಂಬ ನಮ್ಮ ಮೊಹಲ್ಲಾಗಳ ಮಾತಿಗೆ ನಮ್ಮ ಮಜ್‌ಹಬಿನಲ್ಲೇ ಆಧಾರ ಸಾಲದು.

ಹಾಗಾದರೆ ಧರ್ಮ ಯಾಕೆ ಎಂದು ಓದುಗರು ಕೇಳಬಹುದು. ನಮಗೆ ಬೇಕು, ಅಷ್ಟು ಹೇಳಬಲ್ಲೆವು. ನೆಂಟರು ಬಳಸಿದ ನೀರು ನಮಗೆ ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ, ಗೊತ್ತಿದ್ದೂ ಸುಮ್ಮನಿದ್ದೆವು. ಮೇಷ್ಟ್ರ ನೋಟ್‌ಬುಕ್ಕು ನಮ್ಮನ್ನು ನಾಚಿಸಿತು, ಅಮ್ಮಿಯ ವಜೂ ಪ್ರಶ್ನೆ ನಮ್ಮನ್ನು ಮೆಟ್ಟಿಲಿಳಿಸಿತು. ಮೇಷ್ಟ್ರಿಗೆ ಆ ಎರಡನೆಯದರ ಅಗತ್ಯ ಬೀಳಲಿಲ್ಲ, ನಮಗೆ ಬಿತ್ತು. ಇದರಲ್ಲಿ ಅವರು ಕೀಳಾಗುವ ಮಾತೆಲ್ಲಿ?

ಈಗ ನಾವು ಶ್ರೀನಗರದಲ್ಲಿಲ್ಲ. ಮಗಳಿಗೆ ಆಮೇಲೆ ಒಂದು ದಿನ ಹೇಳಿದೆವು, ಜನ್ನತ್ತಿನ ಫೈಸಲಾ ಅಲ್ಲಾಹನದು, ಆದರೆ ತಾತ ಒಳ್ಳೆಯವರಾಗಿದ್ದರೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಹೌದು ಎನ್ನಬೇಕಾದವರು ನಾವು ಎಂದು. ಅವರ ಹೆಸರಿನಲ್ಲಿ ಮಗ್‌ಫಿರತ್ ಬೇಡುವಂತಿಲ್ಲವೆಂದು ಅಮ್ಮಿಗೆ ಗೊತ್ತು. ಆದರೆ ಶಬೆ ಬರಾತಿನ ರಾತ್ರಿ ದುವಾಗೆ ಕೈಯೆತ್ತಿದಾಗ ಅವರ ಮಾತು ನಮ್ಮ ಕಿವಿಗೆ ಬಿದ್ದಿದೆ: "ಯಾ ಅಲ್ಲಾಹ್, ನಮ್ಮ ಲೆಕ್ಕವನ್ನೂ ಆ ಮೇಷ್ಟ್ರ ಪುಸ್ತಕದ ಹಾಗೆ ಸಾಫ್ ಇಡು."