ಹಳೆಯ ಊರಿನಲ್ಲಿ ಹೊಸ ಮನೆ

ಆನೆಗೊಂದಿ ವಿಜಯನಗರಕ್ಕಿಂತ ಹಿರಿಯ ಊರೆಂದು ಪ್ರತೀತಿ. ತುಂಗಭದ್ರೆಯ ಆಚೆ ದಡದ ಹಂಪೆ ಹಾಳಾಯಿತು. ಈಚೆ ದಡದ ಆನೆಗೊಂದಿ ಇನ್ನೂ ಸಂಸಾರ ನಡೆಸುತ್ತಿದೆ. ಗಗನಮಹಲಿನ ಕೂಗಳತೆಯಲ್ಲಿಯೇ ಸಂಡಿಗೆ ಒಣಗುತ್ತದೆ. ನನಗೆ ಆ ಊರಿನ ಮೇಲಿರುವ ಪ್ರೀತಿಗೆ ಇದೇ ಕಾರಣವೆಂದರೆ ವಿದ್ವಾಂಸರು ನಗಬಹುದು.

ಸಂಸಾರವೆಂದ ಮೇಲೆ ಅದು ಬೆಳೆಯಲೇ ಬೇಕಷ್ಟೆ. ಮಗನಿಗೆ ಮದುವೆಯಾಯಿತು, ಇನ್ನೊಂದು ಕೋಣೆ ಬೇಕು. ಮಣ್ಣಿನ ಮಾಳಿಗೆ ಸೋರುತ್ತದೆ, ವರ್ಷವರ್ಷವೂ ಮಣ್ಣು ಹಾಕಲು ಆಳುಗಳು ಸಿಕ್ಕುವುದಿಲ್ಲ. ಇಂಥ ಮನೆಯ ಗೃಹಿಣಿಗೆ, “ತಾಯಿ, ನಿಮ್ಮದು ಚರಿತ್ರೆಯ ಊರು, ಇದ್ದುದನ್ನು ಇದ್ದಂತೆಯೇ ಇರಗೊಡಿ” ಎಂದು ಉಪದೇಶಿಸುವ ಪಟ್ಟಣದ ರಸಿಕರ ಮಾತು ನನಗೆ ಸೇರದು. ಅವರು ನೋಡಿ ಹೊರಟುಹೋಗುವವರು. ಸೋರುವ ಕಡೆಗೆ ಪಾತ್ರೆ ಇಡುವವಳು ಆಕೆ.

ಹಾಗೆಂದು ಮನ ಬಂದಂತೆ ಕಟ್ಟಬಹುದೆ? 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಕಾಯಿದೆಯು ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿತು. ಅದರಾಚೆಯ 200 ಮೀಟರಿಗೆ ಅಪ್ಪಣೆ ಬೇಕೆಂದಿತು. ಅಳತೆಯ ಸರಪಣಿ ದೂರವನ್ನು ಹೇಳಬಲ್ಲುದು. ಮನೆ ಹೇಗಿರಬೇಕೆಂಬುದನ್ನು ಹೇಳಲಾರದು.

ಎಷ್ಟು ದೊಡ್ಡದು, ಎಲ್ಲಿ ಎಂಬುದು ಮೊದಲನೆಯ ಪ್ರಶ್ನೆ. ಹೊಳೆ ತುಂಬಿದಾಗ ಹರಿಗೋಲು ನಿಲ್ಲುತ್ತಿತ್ತು. ಜನರಿಗೆ ಸೇತುವೆ ಬೇಕಾಗಿದ್ದುದು ನಿಜ. ಆದರೆ ಹಳೆಯ ತಳವಾರಘಟ್ಟದ ದಾರಿಯಲ್ಲಿಯೇ ಭಾರಿಯ ಸೇತುವೆಯೊಂದು ಏಳತೊಡಗಿತು. ಇಂಥ ಕೆಲಸಗಳಿಂದಾಗಿ 1999ರಲ್ಲಿ ಹಂಪೆಯ ಹೆಸರು ಅಪಾಯದಲ್ಲಿರುವ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು, ಬಿಟ್ಟುಹೋದದ್ದು 2006ರಲ್ಲಿ. ಮುಗಿಯದಿದ್ದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಬಳಿಕ ಬುಕ್ಕಸಾಗರ ಕಡೆಬಾಗಿಲುಗಳ ನಡುವೆ ಬೇರೆ ಸೇತುವೆಯಾಯಿತು. ಆ ಜಾಗವನ್ನು ಮೊದಲೇ ನೋಡಿದ್ದರೆ ಆಗುತ್ತಿರಲಿಲ್ಲವೆ?

ಇನ್ನು ಗೋಡೆ. ಕಲ್ಲು ಮಣ್ಣಿನ ದಪ್ಪ ಗೋಡೆ ಹಗಲ ಬಿಸಿಲನ್ನು ಮೆಲ್ಲಗೆ ಕುಡಿಯುತ್ತದೆ, ಒಳಗೆ ತಂಪು. ಅದರ ಮೈಯಲ್ಲಿ ತೇವ ಬಂದುಹೋಗುತ್ತಿರುತ್ತದೆ, ಸುಣ್ಣದ ಗಾರೆ ಅದಕ್ಕೆ ಅಡ್ಡಿ ಮಾಡದು. ಭದ್ರವಾಗಲೆಂದು ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಮಣ್ಣು ಸಡಿಲವಾಗುತ್ತದೆ. ಮೇಲೆ ನುಣ್ಣಗಿರುತ್ತದೆ, ಒಳಗೆ ಹುಳುಕು. ದುಡ್ಡು ಕೊಟ್ಟು ಮನೆಗೆ ರೋಗ ತರುವ ಈ ಕ್ರಮವನ್ನು ನಮ್ಮ ಜನ ಯಾವಾಗ ಬಿಡುವರೋ!

ಬೀದಿಯ ಕಡೆಯ ಕಟ್ಟೆಯನ್ನು ಮಾತ್ರ ಒಡೆಯಬಾರದು. ಅದು ಮನೆಯವರದೂ ಹೌದು, ದಾರಿಹೋಕರದೂ ಹೌದು. ಮುದುಕರಿಗೆ ಸಂಜೆ ಕಳೆಯಲು ಬೇರೆ ಸ್ಥಳವೆಲ್ಲಿ? ಅದನ್ನು ಕಿತ್ತು ಮೋಟಾರು ಬಂಡಿಗೆ ಇಳಿಜಾರು ಮಾಡಿದರೆ ಬೀದಿಯೆಲ್ಲ ಗೋಡೆಗಳ ಸಾಲಾಗುತ್ತದೆ. ಮೇಲಂತಸ್ತು ಬೇಕೇ ಬೇಕಾದರೆ ಹಿತ್ತಿಲ ಕಡೆಗೆ ಸರಿಸಿ ಕಟ್ಟಲಿ. ಬೀದಿಯಲ್ಲಿ ನಿಂತವನಿಗೆ ಅಕ್ಕಪಕ್ಕದ ಸೂರುಗಳ ಎತ್ತರವೇ ಕಂಡರೆ ಸಾಕು. ಹೊಸ ಅಡಿಗೆಮನೆಯೂ ಅಲ್ಲಿಯೇ ಆಗಬಹುದು, ಬಾವಿಗೂ ಸಮೀಪ. ನೀರಿನ ಕರಿಯ ಪ್ಲಾಸ್ಟಿಕ್ ತೊಟ್ಟಿಯನ್ನೂ ದಯಮಾಡಿ ಹಿಂದಕ್ಕೇ ಇಡಲಿ. ರಂಗನಾಥನ ಗುಡಿಗೆ ಇನ್ನೊಂದು ಕಲಶ ಬೇಕಾಗಿಲ್ಲ.