ಹದಿನೇಳು ತಾಸಿನ ದಾರಿ

ನಮ್ಮ ಹಿರಿಯರು ದೂರವನ್ನು ಹರಿದಾರಿಯಲ್ಲಿ ಹೇಳುತ್ತಿದ್ದರು. ಕೊಟ್ಟೂರಿನಿಂದ ಕೂಡ್ಲಿಗಿಗೆ ಇಷ್ಟು, ಹರಪನಹಳ್ಳಿಗೆ ಇಷ್ಟು ಎನ್ನುವಾಗ ಬಿಸಿಲು, ಹಳ್ಳ, ಎತ್ತುಗಳಿಗೆ ನೀರು ಕುಡಿಸುವ ತಾಣ ಎಲ್ಲವೂ ಆ ಲೆಕ್ಕದೊಳಗೆ ಸೇರಿರುತ್ತಿದ್ದವು. ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದ ನಾನು ಅದನ್ನು ಒರಟು ಲೆಕ್ಕವೆಂದೇ ಭಾವಿಸಿದ್ದೆ.

2024ರ ಜನವರಿಯ ಒಂದು ಗುರುವಾರ ಬೆಳಿಗ್ಗೆ 6 ಗಂಟೆಗೆ ಕೊಟ್ಟೂರಿನಲ್ಲಿ ನನ್ನ ಅಕ್ಕನ ದೇಹಸ್ಥಿತಿ ವಿಷಮಿಸಿತು. ಇದ್ದೊಬ್ಬ ಮಗ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಸುದ್ದಿ ಮುಟ್ಟಿಸಿದಾಗ ಅಲ್ಲಿ ಇನ್ನೂ ಬುಧವಾರದ ಸಂಜೆ ನಾಲ್ಕೂವರೆ. ಹೊರಡುತ್ತೇನೆಂದ.

“ಎಷ್ಟೊತ್ತಿಗೆ ಬರ್ತಾನ ತಮ್ಮಾ?” ಎಂದು ಅಕ್ಕ ಕೇಳಿದಳು.

“ಹದಿನೇಳು ತಾಸಿನ ದಾರಿ ಅಕ್ಕಾ. ನಾಳೆ ಮಧ್ಯಾಹ್ನಕ್ಕ ಬಂದ ಅಂತ ತಿಳಿ.”

ನಾನು ಸುಳ್ಳು ಹೇಳಿರಲಿಲ್ಲ. ಗೋಡೆಯ ನಕಾಶೆಯಲ್ಲಿ ಈ ಎರಡು ಊರುಗಳ ನಡುವೆ ಪೆಸಿಫಿಕ್ ಸಾಗರವೆಲ್ಲ ಹರಡಿಕೊಂಡಿರುತ್ತದೆ. ಆದರೆ ಗೋಲದ ಮೇಲೆ ದಾರವನ್ನು ಎಳೆದು ಹಿಡಿದರೆ ಅದು ಉತ್ತರಧ್ರುವದ ಸಮೀಪದಲ್ಲಿಯೇ ಹಾಯುತ್ತದೆ. ಉದ್ದ ಸುಮಾರು 14,000 ಕಿಲೋಮೀಟರು. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಹಾಗೂ ಸಂಗಡದ ಮೂವರು ಮಹಿಳಾ ಪೈಲಟ್‌ಗಳು ಧ್ರುವಮಾರ್ಗವಾಗಿಯೇ ನಡೆಸಿ, 11ರ ನಸುಕಿನಲ್ಲಿ ಬೆಂಗಳೂರಿಗಿಳಿಸಿದರು. ಪಯಣ ಸುಮಾರು 17 ಗಂಟೆ. ತಾರೀಖು ಎರಡು ದಿನ ಮುಂದೋಡಿದ್ದು ಪಯಣದ ಹೊತ್ತಿಗೆ ಹದಿಮೂರೂವರೆ ಗಂಟೆಗಳ ಕಾಲಭೇದವೂ ಕೂಡಿದ ಮಾಯೆ. ಮೇಲ್ಗಾಳಿ ಪಶ್ಚಿಮದಿಂದ ಬೀಸುವುದರಿಂದ ಹೋಗುವ ಹೊತ್ತು, ಬರುವ ಹೊತ್ತು ಒಂದೇ ಆಗಿರುವುದಿಲ್ಲ. ಇದೆಲ್ಲ ನನಗೆ ಬಾಯಿಪಾಠ.

ಬಾಯಿಪಾಠವಿಲ್ಲದಿದ್ದುದು ಬೇರೆ. ಆ ನೇರ ವಿಮಾನ ಆಗ ದಿನವೂ ಇರಲಿಲ್ಲ. ಅಳಿಯನಿಗೆ ಸ್ಥಳ ದೊರೆತದ್ದು ಗುರುವಾರದ ಮಧ್ಯಾಹ್ನ, ಅಂದರೆ ನಮ್ಮ ಶುಕ್ರವಾರದ ನಸುಕಿಗೆ, ಜರ್ಮನಿಯ ಫ್ರಾಂಕ್‌ಫರ್ಟ್ ಮಾರ್ಗವಾಗಿ.

ಶುಕ್ರವಾರ ಮಧ್ಯಾಹ್ನ ಅಕ್ಕ ಬಾಗಿಲಿನತ್ತ ಮುಖ ಮಾಡಿಸಿಕೊಂಡು ಮಲಗಿದಳು. ಬೀದಿಯಲ್ಲಿ ಮೋಟಾರು ನಿಂತರೆ ಸಾಕು, ನನ್ನನ್ನು ನೋಡುವಳು. ನಾನು ಕಣ್ಣು ತಪ್ಪಿಸುತ್ತಿದ್ದೆ. ಐದು ಗಂಟೆಗೆ ಅವನ ಕರೆ ಬಂತು. ಫೋನನ್ನು ಅವಳ ಕಿವಿಗೆ ಹಿಡಿದೆ. ಅನಂತರ ಅವಳು ನನ್ನನ್ನು ಕೇಳಿದಳು: “ಜರ್ಮನಿ ಎಷ್ಟು ದೂರ ಐತಿ?”

“ಹತ್ರಾನ ಐತಿ ಅಕ್ಕಾ” ಎಂದೆ. ಗಂಟೆ ಹೇಳುವ ಧೈರ್ಯವಾಗಲಿಲ್ಲ.

ಆರೂವರೆಗೆ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ, ಅವಳು ಲಿಂಗೈಕ್ಯಳಾದಳು. ಅವನ ಫೋನು ಅಷ್ಟರಲ್ಲಿ ಬಂದಾಗಿತ್ತು. ಮುಂದಿನ 9 ಗಂಟೆಗಳ ಕಾಲ ಊರಿಗೆಲ್ಲ ತಿಳಿದ ಸುದ್ದಿ ಅವನೊಬ್ಬನಿಗೆ ತಿಳಿದಿರಲಿಲ್ಲ. ಕಾಯುವುದು ಸಲ್ಲದೆಂದರು ಕೆಲವರು. ತಪ್ಪು ಲೆಕ್ಕ ಕೊಟ್ಟವನು ನಾನು, ಇನ್ನೊಂದು ರಾತ್ರಿ ತಾಳಿಕೊಳ್ಳಿರೆಂದು ಕೈಮುಗಿದು ಕೇಳಿಕೊಂಡೆ.

ಬೆಂಗಳೂರಿನಲ್ಲಿ ಇಳಿದ ಮೇಲೂ ತುಮಕೂರು, ಚಿತ್ರದುರ್ಗ, ಕೂಡ್ಲಿಗಿ ದಾಟಿ ಬರಲು ಸುಮಾರು 300 ಕಿಲೋಮೀಟರು. ಶನಿವಾರ 10 ಗಂಟೆಗೆ ಮನೆ ಮುಟ್ಟಿದ. ಕರೆ ಹೋದದ್ದು ಮೊದಲ್ಗೊಂಡು 52 ಗಂಟೆ. ಅದರಲ್ಲಿ ಆಕಾಶದಲ್ಲಿದ್ದುದು ಇಪ್ಪತ್ತೇ.

ಸಮಾಧಿಗೆ ಮಣ್ಣು ಹಾಕಿ ಬಂದು ಕಟ್ಟೆಯ ಮೇಲೆ ಕುಳಿತಾಗ ಕೇಳಿದ: “ಮಾಮಾ, ಅವ್ವ ಹೋಗಿದ್ದು ಎಷ್ಟೊತ್ತಿಗೆ?”

“ನಿನ್ನೆ ಸಂಜೆ ಆರೂವರೆಗೆ” ಎಂದೆ.

ಅವನು ಬೆರಳು ಮಡಿಸಿ ಎಣಿಸತೊಡಗಿದ.