ಫೈಲಿನ ಮೊದಲ ಹಾಳೆ

ಚಳಿ ಬೆನ್ನಿನಲ್ಲಿ ಹುಟ್ಟಿ ತೋಳಿಗಿಳಿಯುತ್ತದೆ. ಎರಡು ಕಂಬಳಿ ಹೊದ್ದರೂ ನಿಮ್ಮ ಹಲ್ಲು ಕಟಕಟ ಅನ್ನುತ್ತಿವೆ. ಮದ್ದೂರಿನ ಮನೆ, ರಾತ್ರಿ ಎರಡು ದಾಟಿದೆ. ಕೂದಲುದುರಿದ ತಲೆಗೆ ದಿಂಬಿನ ಬಟ್ಟೆ ಒರಟಾಗಿ ತಾಗುತ್ತದೆ. ಬಾಯಲ್ಲಿ ಕಬ್ಬಿಣದ ರುಚಿ, ಕೀಮೋ ಆದಾಗಿನಿಂದ ಹೋಗಿಲ್ಲ. ಪಕ್ಕದಲ್ಲಿ ಯಜಮಾನರು ದಣಿದು ಮಲಗಿದ್ದಾರೆ. ಎಬ್ಬಿಸಲು ಮನಸ್ಸು ಬಾರದು.

ಪ್ಯಾರಸಿಟಮಾಲ್ ಕೈಗೆಟಕುವಲ್ಲೇ ಇದೆ. ಒಂದು ನುಂಗಿದರೆ ಬೆವರು ಬಿಟ್ಟು ನಿದ್ದೆ ಹತ್ತೀತು. ಬೆರಳು ಮಾತ್ರೆಯನ್ನು ಒತ್ತಿಯೂ ಆಯಿತು. ತಡೆಯಿರಿ. ಮಾತ್ರೆ ಜ್ವರವನ್ನು ಮರೆಮಾಡೀತು, ಸೋಂಕು ಒಳಗೊಳಗೇ ಬೆಳೆದೀತು. ಥರ್ಮಾಮೀಟರನ್ನು ನಾಲಿಗೆಯಡಿ ಇಡುತ್ತೀರಿ. ಅದು ಕೂಗುವವರೆಗೆ ಎದೆಬಡಿತ ಕಿವಿಯಲ್ಲೇ ಕೇಳುತ್ತದೆ.

101.2.

100.4 ಮುಟ್ಟಿದರೆ ಬೆಳಗಾಗಲೆಂದು ಕಾಯಬಾರದು. ಮಗಳು ಅದನ್ನು ಫೈಲಿನ ಮೊದಲ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ. ಕೀಮೋ ಮೂಳೆಮಜ್ಜೆಯನ್ನೂ ಸೊರಗಿಸುತ್ತದೆ. ಬಹುತೇಕ 7ರಿಂದ 14ನೇ ದಿನದೊಳಗೆ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗುತ್ತವೆ. ಇವತ್ತು ಹತ್ತನೆಯ ದಿನ. ಕೀವು ಕಟ್ಟುವಷ್ಟೂ ಕಣಗಳಿಲ್ಲದ ಮೈಯಲ್ಲಿ ಎಷ್ಟೋ ಸಲ ಜ್ವರವೊಂದೇ ಸೋಂಕಿನ ಗುರುತು.

"ರೀ, ಏಳ್ರೀ. ಜ್ವರ ಬಂದಿದೆ."

ದೀಪ ಹತ್ತುತ್ತದೆ. ಅವರ ಕೈ ನಡುಗುತ್ತಿದೆ, ಆದರೆ ಏನನ್ನೂ ಹುಡುಕಬೇಕಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಚೀಲ, ಚೀಲದೊಳಗೆ ಫೈಲು, ಆಧಾರ್, ರೇಷನ್ ಕಾರ್ಡ್, ಚಾರ್ಜರ್. ಊಟ ಸೇರುತ್ತಿದ್ದ ಒಂದು ಮಧ್ಯಾಹ್ನ ನೀವೂ ಮಗಳೂ ಕೂತು ಜೋಡಿಸಿದ್ದು. 108ಕ್ಕೆ ಫೋನು ಹೋಗುತ್ತದೆ.

"ಕಿದ್ವಾಯಿಗೇ ಹೋಗೋಣ, ನಮ್ಮ ಡಾಕ್ಟ್ರು ಇರೋದು ಅಲ್ಲೇ ಅಲ್ವಾ?"

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇರುವ ಬೆಂಗಳೂರು ಸುಮಾರು 80 ಕಿಲೋಮೀಟರು. ಮಂಡ್ಯ 20. ಪರಿಚಯದ ಮುಖ ಬೇಕೆಂದು ಜೀವ ಎಳೆಯುತ್ತದೆ. ಮೈ ಮಾತ್ರ ಅಷ್ಟು ದೂರ ತಾಳದು ಅನ್ನುತ್ತಿದೆ.

"ಮಂಡ್ಯಕ್ಕೇ ನಡೀರಿ. ಎಲ್ಲಾ ಫೈಲಲ್ಲಿದೆ."

ಆಂಬುಲೆನ್ಸು ಕುಲುಕಿದಾಗಲೆಲ್ಲ ಹೊಟ್ಟೆ ತೊಳೆಸುತ್ತದೆ. ಆಸ್ಪತ್ರೆ. ಫಿನಾಯಿಲ್ ವಾಸನೆ, ಬಿಳಿ ಬೆಳಕು, ಸ್ಟ್ರೆಚರಿನ ಗಾಲಿಯ ಕಿರುಗುಟ್ಟುವಿಕೆ. "ಯಾವ ಕೀಮೋ ಅಮ್ಮಾ? ಯಾವತ್ತು ಕೊಟ್ರು?" ಡ್ಯೂಟಿ ಡಾಕ್ಟರು ಕೇಳುತ್ತಾರೆ. ನಿಮ್ಮ ನಾಲಿಗೆ ಹೊರಳುವುದಿಲ್ಲ. ಯಜಮಾನರಿಗೆ ಆ ಹೆಸರುಗಳು ಯಾವತ್ತೂ ಬಾಯಿಗೆ ಬಂದಿಲ್ಲ. ಅವರು ಫೈಲಿನ ಮೊದಲ ಹಾಳೆ ತೆರೆದು ಹಿಡಿಯುತ್ತಾರೆ: ಡಾಕ್ಸೊರೂಬಿಸಿನ್, ಸೈಕ್ಲೊಫಾಸ್ಫಮೈಡ್, ಕೊಟ್ಟ ತಾರೀಕು, ಹಿಂದಿನ ರಕ್ತದ ರಿಪೋರ್ಟು. ಇಂಥ ಜ್ವರಕ್ಕೆ ಸಾಮಾನ್ಯವಾಗಿ ಮೊದಲು ಕೊಡುವ ಆಂಟಿಬಯಾಟಿಕ್‌ಗಳಲ್ಲಿ ಪೆನಿಸಿಲಿನ್ ಜಾತಿಯದೂ ಒಂದು. ಡಾಕ್ಟರು ಅದನ್ನೇ ಬರೆಯಲು ಹೊರಟವರು ಕೊನೆಯ ಸಾಲಿಗೆ ಬಂದು ನಿಲ್ಲುತ್ತಾರೆ: ಪೆನಿಸಿಲಿನ್ ಆಗುವುದಿಲ್ಲ, ಮೈಯೆಲ್ಲ ಊದುತ್ತದೆ.

ಪೆನ್ನು ಬೇರೆ ಔಷಧಿ ಬರೆಯುತ್ತದೆ. ಸೂಜಿ ಚುಚ್ಚುತ್ತದೆ, ಪರೀಕ್ಷೆಗೆ ರಕ್ತ ಹೋಗುತ್ತದೆ, ಬಂದ ಒಂದು ಗಂಟೆಯೊಳಗೆ ಔಷಧಿ ತಣ್ಣಗೆ ನರಕ್ಕಿಳಿಯುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಮೋ ನಡೆಯುತ್ತಿದ್ದರೆ ಆ ಒಂದು ಹಾಳೆಯನ್ನು ಇವತ್ತೇ ಬರೆದಿಡಿ. ಅದು ಎಲ್ಲಿದೆಯೆಂದು ಮನೆಯವರಿಗೆಲ್ಲ ತೋರಿಸಿ.